ಬೇರೆ ವಿಭಾಗದವರ ಮುಂದೆ ನಿಮ್ಮ ಸಂಶೋಧನೆಯನ್ನು ಇಡುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಭಾಗದ ಸಂಶೋಧನಾ ವಿದ್ಯಾರ್ಥಿಗಳೂ ಕಿರಿಯ ಅಧ್ಯಾಪಕರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ನನ್ನ ಕೆಲಸ ಮುಂದೆ ಸಾಗಲು ಬೇರೆ ವಿಭಾಗದವರ ನೆರವು ಬೇಕೆಂದು ಗೊತ್ತಿದೆ. ಆದರೆ ಯಾರ ಬಳಿ ಹೋಗಬೇಕು, ಏನೆಂದು ಕೇಳಬೇಕು, ನನ್ನಲ್ಲಿರುವ ಮಾಹಿತಿಯನ್ನು ಎಷ್ಟರ ಮಟ್ಟಿಗೆ ಬಿಚ್ಚಿಡಬೇಕು ಎಂಬುದೇ ಆ ಪ್ರಶ್ನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಮೊದಲ ಅರ್ಧ ಪುಟದಿಂದ ಹಿಡಿದು ಜಂಟಿ ಪ್ರಬಂಧದವರೆಗಿನ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ಮೂರು ಜಿಲ್ಲೆಗಳಲ್ಲಿ ನಿಮಗೆ ಬೇಕಾದ ಪರಿಣತಿ ಇಲ್ಲವೆಂದು ಮೊದಲೇ ತೀರ್ಮಾನಿಸಬೇಡಿ. ಬೆಳಗಾವಿಯಲ್ಲಿ 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಕೆಎಲ್‌ಇ ಸಂಸ್ಥೆಯ ವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇವೆ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಜಯಪುರದಲ್ಲಿ 2003ರಿಂದ ನಡೆದುಬಂದಿರುವ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯ, ಬಿಎಲ್‌ಡಿಇ ವಿಶ್ವವಿದ್ಯಾಲಯ ಮತ್ತು ಕೃಷಿ ಮಹಾವಿದ್ಯಾಲಯ ಇವೆ. ತಂತ್ರಜ್ಞಾನ, ವೈದ್ಯಕೀಯ, ತೋಟಗಾರಿಕೆ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲವೂ ಬಸ್ಸಿನ ಹಾದಿಯಲ್ಲೇ ಇರುವಾಗ, ಕೊರತೆಯಿರುವುದು ಪರಿಣತರದಲ್ಲ. ಒಬ್ಬರ ಕೈಯಲ್ಲಿರುವ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳುವ ಸಂದರ್ಭಗಳು ನಮ್ಮಲ್ಲಿ ತೀರ ಕಡಿಮೆ.

ಅಂತಹ ಸಂದರ್ಭವನ್ನು ಸೃಷ್ಟಿಸಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮುಗಿದ ಕೆಲಸವನ್ನು ಹೊತ್ತು ಹೋಗುವುದು. ಮುಗಿದ ಕೆಲಸವನ್ನು ನೋಡಿದ ಬೇರೆ ವಿಭಾಗದವರು ಮೆಚ್ಚಬಹುದು, ಆದರೆ ಅದರೊಳಗೆ ಕೈಹಾಕಲು ಅವರಿಗೆ ಎಡೆಯಿರುವುದಿಲ್ಲ. ನೀವು ಹೊತ್ತು ಹೋಗಬೇಕಾದದ್ದು ನಿಮ್ಮ ಕೈಯಲ್ಲಿ ಬಿಡಿಸಲಾಗದೆ ಉಳಿದ ಗಂಟನ್ನು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ವಿವರಣೆಗೆ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತೇನೆ. ಕೃಷ್ಣಾ ಮತ್ತು ಘಟಪ್ರಭಾ ನೀರಾವರಿಯ ಎರೆಭೂಮಿಯಲ್ಲಿ, ಅಂದರೆ ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಡೆ, ಕಬ್ಬಿನ ಹೊಲಗಳನ್ನು ಕಾಡುತ್ತಿರುವ ಸವಳು–ಜವಳು ನಿಮಗೆಲ್ಲ ಪರಿಚಿತ. ನೀರು ಬಸಿದುಹೋಗದೆ ನಿಂತ ನೆಲ ಜವಳು. ನೆಲದಡಿಯ ನೀರು ಮೇಲೇರಿ ಆವಿಯಾದ ಬಳಿಕ ಉಪ್ಪು ಉಳಿದುಕೊಂಡ ನೆಲ ಸವಳು. ಇದು ಮಣ್ಣುವಿಜ್ಞಾನಿಯೊಬ್ಬರೇ ಬಿಡಿಸಬಲ್ಲ ಗಂಟಲ್ಲ, ಎಂಜಿನಿಯರ್ ಒಬ್ಬರಿಂದಲೂ ಬಿಡಿಸಲಾಗದು. ಆದ್ದರಿಂದಲೇ ಅದು ನಮ್ಮ ವಿಷಯಕ್ಕೆ ತಕ್ಕ ಉದಾಹರಣೆ.

ಮೊದಲೇ ಕೈಯಲ್ಲಿರಬೇಕಾದದ್ದು

ಹೆಚ್ಚೇನೂ ಬೇಡ. ನೀವು ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದರೆ ಮೊದಲು ನಿಮ್ಮ ಮಾರ್ಗದರ್ಶಕರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆಯಿರಿ. ಹೊರಗಿನವರ ಬಾಯಿಂದ ಅವರಿಗೆ ಸುದ್ದಿ ಮುಟ್ಟಿದರೆ ಒಳ್ಳೆಯ ಕೆಲಸವೂ ಮುರಿದುಬೀಳುತ್ತದೆ. ಎರಡನೆಯದಾಗಿ, ಆರ್ಕಿಡ್ (ORCID) ಸಂಖ್ಯೆಯನ್ನು ಮಾಡಿಸಿಕೊಳ್ಳಿ. ಸಂಶೋಧಕರೊಬ್ಬರನ್ನು ಅದೇ ಹೆಸರಿನ ಇತರರಿಂದ ಬೇರ್ಪಡಿಸಿ ಗುರುತಿಸುವ 16 ಅಂಕಿಗಳ ಶಾಶ್ವತ ಗುರುತು ಅದು. 2012ರಿಂದ ಉಚಿತವಾಗಿ ದೊರೆಯುತ್ತಿದೆ. ಪಾಟೀಲ, ಹಿರೇಮಠ, ಕುಲಕರ್ಣಿ ಎಂಬ ಅಡ್ಡಹೆಸರುಗಳು ಮನೆಮನೆಗೂ ಇರುವ ನಮ್ಮ ಭಾಗದಲ್ಲಿ, ಎರಡು ಇನಿಷಿಯಲ್ ಮತ್ತು ಒಂದು ಅಡ್ಡಹೆಸರಿನಿಂದ ನಿಮ್ಮ ಪ್ರಬಂಧಗಳನ್ನು ಹುಡುಕಿ ತೆಗೆಯುವುದು ಅಪರಿಚಿತರಿಗೆ ಅಸಾಧ್ಯವೆಂದೇ ಹೇಳಬೇಕು.

ಹಂತ 1: ಗಂಟನ್ನು ಅರ್ಧ ಪುಟದಲ್ಲಿ ಬರೆಯಿರಿ

ನಿಮ್ಮ ಪ್ರಬಂಧದ ಸಾರಾಂಶವನ್ನು ಇದಕ್ಕೆ ಬಳಸಬೇಡಿ. ಸಾರಾಂಶವನ್ನು ನಿಮ್ಮದೇ ವಿಭಾಗದ ಓದುಗರಿಗಾಗಿ, ಎಲ್ಲವೂ ಸರಿಹೋಯಿತು ಎಂದು ತೋರಿಸಲು ಬರೆದಿರುತ್ತೀರಿ. ಈ ಅರ್ಧ ಪುಟ ಬೇರೆಯೇ ಬರಹ. ನಿಮ್ಮಲ್ಲಿ ಏನಿದೆ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಯಾವ ಬಗೆಯ ತಿಳಿವಳಿಕೆ ಇದ್ದರೆ ಗಂಟು ಸಡಿಲವಾದೀತೆಂದು ನಿಮಗೆ ತೋರುತ್ತದೆ, ಮತ್ತು ನೆರವಾದವರಿಗೆ ನಿಮ್ಮಿಂದ ಏನು ದೊರೆಯುತ್ತದೆ ಎಂಬುದಷ್ಟೇ ಇದರಲ್ಲಿರಬೇಕು.

“ಎರೆಭೂಮಿಯ ಲವಣತ್ವದ ಬಹುಆಯಾಮದ ಅಧ್ಯಯನಕ್ಕೆ ಸಹಯೋಗಿಗಳು ಬೇಕಾಗಿದ್ದಾರೆ” ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ, ಏಕೆಂದರೆ ತಾನು ಮಾಡಬೇಕಾದದ್ದೇನು ಎಂಬುದು ಓದಿದವರಿಗೆ ತಿಳಿಯುವುದಿಲ್ಲ. ಅದೇ ವಿಷಯವನ್ನು ಹೀಗೆ ಬರೆದು ನೋಡಿ: “ಒಂದೇ ಕಾಲುವೆಯಡಿಯ ಅಕ್ಕಪಕ್ಕದ ಹೊಲಗಳ ಮಣ್ಣನ್ನು ಎರಡು ಬೇಸಿಗೆಗಳಲ್ಲಿ ಪರೀಕ್ಷಿಸಿದ್ದೇನೆ. ಕೆಲವು ಹೊಲಗಳು ಸವಳಾಗಿವೆ, ಬದುವಿನಾಚೆಯ ಹೊಲಗಳು ಆಗಿಲ್ಲ. ಮಣ್ಣಿನ ಗುಣದಲ್ಲಿ ಇದಕ್ಕೆ ಕಾರಣ ಸಿಗುತ್ತಿಲ್ಲ. ನೀರು ಬಿಡುವ ಸರದಿ, ಹಳೆಯ ಬಸಿಗಾಲುವೆ ಮುಚ್ಚಿಹೋದದ್ದು, ಹೊಲ ಪಾಲಾದದ್ದು ಇವುಗಳಲ್ಲಿ ಏನಾದರೂ ಇರಬಹುದೆಂಬ ಅನುಮಾನ ನನ್ನದು. ಹಳ್ಳಿಯ ಹಿರಿಯರನ್ನು ಮಾತನಾಡಿಸಿ ಹೊಲಗಳ ಚರಿತ್ರೆ ಬರೆಯಬಲ್ಲವರು, ಹಾಗೂ ಉಪಗ್ರಹ ಚಿತ್ರಗಳನ್ನು ಓದಬಲ್ಲವರು ಬೇಕು. ನನ್ನ ಮಣ್ಣುಪರೀಕ್ಷೆಯ ಎಲ್ಲ ಅಂಕಿಗಳನ್ನೂ ಹಂಚಿಕೊಳ್ಳುತ್ತೇನೆ.” ಇದನ್ನು ಓದಿದ ಸಮಾಜಶಾಸ್ತ್ರದ ವಿದ್ಯಾರ್ಥಿನಿಗೆ ತನ್ನ ಜಾಗ ಯಾವುದೆಂದು ಕೂಡಲೇ ಗೊತ್ತಾಗುತ್ತದೆ.

ಬರೆದು ಮುಗಿದ ಮೇಲೆ ನಿಮ್ಮ ವಿಷಯದ ಗಂಧವಿಲ್ಲದ, ಆದರೆ ಓದುಬರಹ ಬಲ್ಲ ಒಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಪ್ರತಿಯೊಂದು ಪದವನ್ನೂ ಬದಲಾಯಿಸಿ, ಇಲ್ಲವೇ ಪಕ್ಕದಲ್ಲೇ ಅರ್ಥ ಕೊಡಿ. ತಮಗೆ ತಿಳಿಯದಿರುವುದನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ಅನೇಕರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಬಹಳ ಮಂದಿಯನ್ನು ಮೊದಲ ಹಂತದಲ್ಲೇ ತಡೆದು ನಿಲ್ಲಿಸಿದ್ದನ್ನು ಕಂಡಿರುವುದರಿಂದ, ಇಲ್ಲಿ ಧೈರ್ಯ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಹಂತ 2: ತಕ್ಕ ವ್ಯಕ್ತಿಯನ್ನು ಹುಡುಕಿ, ನೇರವಾಗಿ ಬರೆಯಿರಿ

ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಅಲ್ಲಿ ನಿಮ್ಮ ವಿಷಯವನ್ನು ಹುಡುಕುವುದಕ್ಕಿಂತ ನಿಮ್ಮ ಜಾಗವನ್ನು ಹುಡುಕಿ: ತಾಲ್ಲೂಕಿನ ಹೆಸರು, ನದಿಯ ಹೆಸರು, ಬೆಳೆಯ ಹೆಸರು. ಅಥಣಿ ಎಂದು ಹುಡುಕಿದಾಗ ಅರ್ಥಶಾಸ್ತ್ರ, ಭೂಗೋಳ, ಜಾನಪದ ಹೀಗೆ ನೀವು ನೆನೆಯದ ವಿಭಾಗಗಳ ಕೆಲಸ ಕಣ್ಣಿಗೆ ಬೀಳಬಹುದು. ಕನ್ನಡದ ಮಹಾಪ್ರಬಂಧಗಳೂ ಅಲ್ಲಿರುವುದರಿಂದ ಊರಿನ ಹೆಸರನ್ನು ಕನ್ನಡ ಮತ್ತು ರೋಮನ್ ಎರಡೂ ಲಿಪಿಗಳಲ್ಲಿ ಹಾಕಿ ನೋಡಿ. ಬೆಳಗಾವಿ, ವಿಜಯಪುರಗಳ ಹಳೆಯ ಹೆಸರುಗಳಾದ ಬೆಳಗಾಂ, ಬಿಜಾಪುರಗಳನ್ನು ಮರೆಯಬೇಡಿ. 2014ಕ್ಕಿಂತ ಹಿಂದಿನ ಕೆಲಸ ಬಹುಮಟ್ಟಿಗೆ ಆ ಹೆಸರುಗಳಲ್ಲೇ ದಾಖಲಾಗಿರುತ್ತದೆ. ಅದೇ ಕೇಂದ್ರದ ವಿದ್ವಾನ್ ಎಂಬ ಪಟ್ಟಿಯಲ್ಲಿ ಅಧ್ಯಾಪಕರ ಪರಿಣತಿಯ ವಿವರಗಳಿವೆ.

ಹೆಸರು ಸಿಕ್ಕ ಮೇಲೆ ಅವರ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿ, ಬಳಿಕ ಪತ್ರ ಬರೆಯಿರಿ. ಓದಿದ್ದೀರಿ ಎಂಬುದಕ್ಕೆ ಪತ್ರವೇ ಸಾಕ್ಷಿಯಾಗಿರಬೇಕು. “ಮಾನ್ಯರೇ, ತಮ್ಮ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ನೀರಿನ ಸರದಿಯ ಬಗ್ಗೆ ತಾವು ದಾಖಲಿಸಿದ ಸಂಗತಿ ನನ್ನ ಮಣ್ಣುಪರೀಕ್ಷೆಯ ಫಲಿತಾಂಶಕ್ಕೆ ಹತ್ತಿರವಾಗಿದೆ, ತಮಗೆ ಅನುಕೂಲವಾದ ದಿನ ಅರ್ಧ ಗಂಟೆ ಬಂದು ಮಾತನಾಡಬಹುದೇ?” ಎಂಬಷ್ಟು ಸಾಕು. ಅರ್ಧ ಪುಟವನ್ನು ಜೊತೆಗಿಡಿ. ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳುಹಿಸಬೇಡಿ; ಅದು ಸುತ್ತೋಲೆಯೆಂದು ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ.

ಮತ್ತೊಂದು ಎಚ್ಚರಿಕೆ. ವ್ಯಕ್ತಿಗಳು ಪರಸ್ಪರ ಮಾತನಾಡುವ ಮೊದಲೇ ಸಂಸ್ಥೆಗಳ ನಡುವೆ ಒಡಂಬಡಿಕೆ ಪತ್ರ, ಅಂದರೆ ಎಂಒಯು, ಆಗಲಿ ಎಂದು ಕಾಯುತ್ತ ಕೂರಬೇಡಿ. ಮಾಡಬೇಕಾದ ಕೆಲಸ ಗೊತ್ತಿರುವ ಇಬ್ಬರಿದ್ದರೆ ಒಡಂಬಡಿಕೆ ತಾನಾಗಿ ಅರ್ಥ ಪಡೆಯುತ್ತದೆ; ಅವರಿಲ್ಲದಿದ್ದರೆ ಅದು ಕಡತದಲ್ಲಿ ಉಳಿಯುವ ಕಾಗದವಷ್ಟೇ. ವೃತ್ತಿಯಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ವಚನಗಳ ತಾಡೋಲೆ ಸಂಗ್ರಹಿಸಿದ್ದು ಯಾವ ವಿಭಾಗದ ಅನುಮತಿಗೂ ಕಾದು ಅಲ್ಲ ಎಂಬುದನ್ನು ಈ ಊರಿನ ಸಂಶೋಧಕರು ನೆನೆಯಬೇಕು.

ಹಂತ 3: ಚಿಕ್ಕದೊಂದು ಕೂಟ ನಡೆಸಿ

ಒಬ್ಬರೊಂದಿಗೆ ಮಾತು ಕುದುರಿದ ಬಳಿಕ, ಮೂರು ವಿಭಾಗಗಳಿಂದ ಒಟ್ಟು ಹತ್ತು–ಹನ್ನೆರಡು ಜನರನ್ನು ಒಂದು ಮಧ್ಯಾಹ್ನ ಕೂಡಿಸಿ. ವೇದಿಕೆ, ಉದ್ಘಾಟನೆ, ಸನ್ಮಾನ ಯಾವುದೂ ಬೇಡ. ಇವುಗಳಿಗೆ ತಮ್ಮದೇ ಜಾಗವಿದೆ, ಆದರೆ ಎರಡೂವರೆ ಗಂಟೆಯ ಕೂಟದಲ್ಲಿ ಅವು ಒಂದು ಗಂಟೆಯನ್ನು ತೆಗೆದುಕೊಂಡರೆ ಪ್ರಶ್ನೆಗಳಿಗೆ ಹೊತ್ತು ಉಳಿಯುವುದಿಲ್ಲ.

ಮೂವರು ಮಾತನಾಡಲಿ, ತಲಾ ಹತ್ತು ನಿಮಿಷ. ಪ್ರತಿ ಮಾತಿನ ನಂತರ ಇಪ್ಪತ್ತು ನಿಮಿಷ ಪ್ರಶ್ನೆಗಳಿಗೆ ಮೀಸಲಿರಲಿ. ಈ ಅನುಪಾತವನ್ನು ತಿರುವುಮುರುವು ಮಾಡಬೇಡಿ. ಮೊದಲ ಪ್ರಶ್ನೆಯನ್ನು ಮಾತನಾಡಿದವರ ವಿಭಾಗಕ್ಕೆ ಸೇರದವರೇ ಕೇಳಬೇಕೆಂದು ಮೊದಲೇ ಗೊತ್ತುಮಾಡಿ, ಇಲ್ಲದಿದ್ದರೆ ಒಂದೇ ವಿಭಾಗದ ಹಿರಿಯರಿಬ್ಬರು ತಮ್ಮೊಳಗೇ ಚರ್ಚಿಸುತ್ತ ಉಳಿದವರು ಸುಮ್ಮನೆ ಕೇಳುತ್ತ ಕೂರಬೇಕಾಗುತ್ತದೆ. ಸಾಧ್ಯವಾದಷ್ಟೂ ಕೈಗೆ ಸಿಗುವ ವಸ್ತುವನ್ನು ತನ್ನಿ. ಸವಳು ಹೊಲದ ಬಿಳಿ ಪದರು ಕಟ್ಟಿದ ಹೆಂಟೆಯೊಂದು ಮೇಜಿನ ಮೇಲಿದ್ದರೆ, ಇಲಕಲ್ ನೇಕಾರಿಕೆಯ ಅಧ್ಯಯನವಾದರೆ ಒಂದು ಲಾಳಿ ಇದ್ದರೆ, ಜನ ಅದನ್ನು ಎತ್ತಿ ನೋಡುತ್ತ ಕೇಳುವ ಪ್ರಶ್ನೆಗಳು ನಲವತ್ತು ಸ್ಲೈಡುಗಳಿಂದ ಹುಟ್ಟುವುದಿಲ್ಲ.

ಭಾಷೆಯ ಬಗ್ಗೆ ಸಂಕೋಚ ಬೇಡ. ಕನ್ನಡದಲ್ಲಿ ಮಾತನಾಡಿ, ತಾಂತ್ರಿಕ ಪದ ಇಂಗ್ಲಿಷಿನದೇ ಆದರೂ ಇರಲಿ. ಕನ್ನಡದಲ್ಲಿ ವಿವರಿಸಲು ಹೊರಟಾಗಲೇ ನಾವು ಅರ್ಥಮಾಡಿಕೊಳ್ಳದೆ ಬಳಸುತ್ತಿದ್ದ ಪದ ಯಾವುದೆಂದು ನಮಗೇ ಗೊತ್ತಾಗುತ್ತದೆ. ಒಬ್ಬರು ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಲಿ, ಉತ್ತರಗಳನ್ನಲ್ಲ. ಆ ಪಟ್ಟಿ ಎರಡು ದಿನಗಳೊಳಗೆ ಎಲ್ಲರಿಗೂ ತಲುಪಬೇಕು. ತಡವಾದಷ್ಟೂ ಅದರ ಬಿಸಿ ಆರುತ್ತದೆ.

ಹಂತ 4: ಪದಗಳ ಲೆಕ್ಕ ಸರಿಪಡಿಸಿಕೊಳ್ಳಿ

ಈ ಹಂತವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಜಂಟಿ ಕೆಲಸಗಳು ಆರು ತಿಂಗಳ ನಂತರ ಮುರಿಯುವುದಕ್ಕೆ ಹಣಕ್ಕಿಂತಲೂ ಇದೇ ಹೆಚ್ಚು ಕಾರಣವೆಂದು ನನ್ನ ಅನುಭವ ಹೇಳುತ್ತದೆ. ನಾನು ಕುಳಿತಿದ್ದ ಒಂದು ಸಭೆಯಲ್ಲಿ ಮುಕ್ಕಾಲು ಗಂಟೆ ‘ಮಾದರಿ’ಯ ಬಗ್ಗೆ ಚರ್ಚೆ ನಡೆಯಿತು. ಎಂಜಿನಿಯರ್ ಆ ಪದವನ್ನು ನೀರಿನ ಚಲನೆಯ ಗಣಿತರೂಪಕ್ಕೆ ಬಳಸುತ್ತಿದ್ದರು, ಸಂಖ್ಯಾಶಾಸ್ತ್ರದವರು ಆರಿಸಿ ತೆಗೆದ ಹೊಲಗಳ ಗುಂಪಿಗೆ, ಕೃಷಿ ವಿಸ್ತರಣೆಯವರು ಇತರರು ಅನುಸರಿಸಬೇಕಾದ ಆದರ್ಶ ರೈತನಿಗೆ. ಮೂವರೂ ಒಪ್ಪಿಕೊಂಡೇ ಎದ್ದರು, ಒಪ್ಪಿದ ಸಂಗತಿ ಮಾತ್ರ ಮೂರು ಬಗೆಯದಾಗಿತ್ತು.

‘ಒತ್ತಡ’ ಎಂಬುದನ್ನೇ ನೋಡಿ. ಮನಶ್ಶಾಸ್ತ್ರದವರಿಗೆ ಅದು ಮನಸ್ಸಿನ ಸ್ಥಿತಿ, ವೈದ್ಯರಿಗೆ ರಕ್ತದೊತ್ತಡ, ಎಂಜಿನಿಯರಿಗೆ ಇಂತಿಷ್ಟು ಕ್ಷೇತ್ರದ ಮೇಲೆ ಬೀಳುವ ಬಲ, ತೋಟಗಾರಿಕೆಯವರಿಗೆ ನೀರಿನ ಕೊರತೆಯಿಂದ ದ್ರಾಕ್ಷಿ ಬಳ್ಳಿ ಅನುಭವಿಸುವ ಬಾಧೆ. ‘ಗಮನಾರ್ಹ ವ್ಯತ್ಯಾಸ’ ಎಂದು ಸಂಖ್ಯಾಶಾಸ್ತ್ರದವರು ಹೇಳಿದಾಗ, ಆಕಸ್ಮಿಕವಾಗಿ ಬಂದಿರುವ ಸಾಧ್ಯತೆ ಕಡಿಮೆ ಎಂದಷ್ಟೇ ಅರ್ಥ. ಸಾಹಿತ್ಯದ ವಿದ್ಯಾರ್ಥಿ ಅದನ್ನು ದೊಡ್ಡ ವ್ಯತ್ಯಾಸ ಎಂದು ಓದುತ್ತಾನೆ.

ನಮ್ಮ ಉದಾಹರಣೆಯ ‘ಸವಳು’ ಇನ್ನೂ ಹೆಚ್ಚಿನ ಎಚ್ಚರ ಬೇಡುತ್ತದೆ. ರೈತರ ಮಾತಿನಲ್ಲಿ ಕೆಟ್ಟುಹೋದ ಬಿಳಿ ನೆಲವೆಲ್ಲ ಸವಳೇ. ಮಣ್ಣುವಿಜ್ಞಾನ ಅದನ್ನು ಕನಿಷ್ಠ ಎರಡಾಗಿ ಬೇರ್ಪಡಿಸುತ್ತದೆ. ನೀರಿನಿಂದ ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ರಸದ ವಿದ್ಯುತ್ ವಾಹಕತೆ, ಅಂದರೆ ಕರಗಿದ ಉಪ್ಪಿನ ಪ್ರಮಾಣವನ್ನು ಸೂಚಿಸುವ ಅಳತೆ, ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದು, ರಸಸಾರ, ಅಂದರೆ ಪಿಎಚ್, 8.5ಕ್ಕಿಂತ ಕಡಿಮೆಯಿದ್ದರೆ ಅದು ಲವಣಯುಕ್ತ ಮಣ್ಣು. ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಪಾಲು ಶೇ. 15ನ್ನು ಮೀರಿ, ರಸಸಾರ 8.5ಕ್ಕಿಂತ ಮೇಲಿದ್ದರೆ ಕ್ಷಾರ ಮಣ್ಣು. ಮೊದಲನೆಯದಕ್ಕೆ ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ಬಸಿದು ಹೊರಹಾಕುವುದು ದಾರಿ. ಎರಡನೆಯದಕ್ಕೆ ಜಿಪ್ಸಂ ಹಾಕದೆ ಬರೀ ನೀರು ಹಾಯಿಸಿದರೆ ಪ್ರಯೋಜನವಿಲ್ಲ. ಆದ್ದರಿಂದ ಸಮಾಜಶಾಸ್ತ್ರದ ವಿದ್ಯಾರ್ಥಿನಿ ತನ್ನ ಸಂದರ್ಶನಗಳಲ್ಲಿ “ಸವಳಿಗೆ ಏನು ಮಾಡಿದಿರಿ?” ಎಂದು ಕೇಳಿ ಬರೆದುಕೊಂಡ ಉತ್ತರಗಳನ್ನು, ಯಾವ ಬಗೆಯ ಸವಳು ಎಂದು ಗುರುತಿಸದೆ ಒಟ್ಟುಗೂಡಿಸಿದರೆ ಇಡೀ ಕೋಷ್ಟಕವೇ ದಾರಿ ತಪ್ಪಿಸುತ್ತದೆ. ಹಾಗೆಂದು ರೈತರ ಪದವನ್ನು ತಪ್ಪೆಂದು ತಳ್ಳಿಹಾಕುವುದೂ ಸರಿಯಲ್ಲ. ಹೊಲ ಮೊದಲು ಯಾವ ಮೂಲೆಯಲ್ಲಿ ಕೆಟ್ಟಿತು, ಯಾವ ವರ್ಷ ಬಿಳಿ ಕಾಣಿಸಿಕೊಂಡಿತು ಎಂಬುದು ಯಾವ ಪ್ರಯೋಗಾಲಯದಲ್ಲೂ ಸಿಗದ ಮಾಹಿತಿ.

ಮಾಡಬೇಕಾದದ್ದು ಇಷ್ಟೇ: ಎಲ್ಲರೂ ಬಳಸುವ ಹದಿನೈದು–ಇಪ್ಪತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಬ್ಬರೂ ತಮ್ಮ ವಿಭಾಗದಲ್ಲಿ ಅದಕ್ಕಿರುವ ಅರ್ಥವನ್ನು ಒಂದು ಸಾಲಿನಲ್ಲಿ ತುಂಬಲಿ. ಅರ್ಥಗಳು ಬೇರೆಯಾದ ಕಡೆ ಈ ಯೋಜನೆಯ ಮಟ್ಟಿಗೆ ಯಾವುದನ್ನು ಬಳಸುತ್ತೇವೆ ಎಂದು ಗೊತ್ತುಮಾಡಿ. ಅಳತೆಗಳಿಗೂ ಇದೇ ಮಾತು. ಹೊಲದವರು ಎಕರೆ–ಗುಂಟೆಯಲ್ಲಿ ಹೇಳುತ್ತಾರೆ, ಪ್ರಬಂಧಗಳು ಹೆಕ್ಟೇರಿನಲ್ಲಿ, ಉಪಗ್ರಹ ಚಿತ್ರ ಓದುವವರು ಪಿಕ್ಸೆಲ್‌ಗಳಲ್ಲಿ. ಪಿಕ್ಸೆಲ್ ಎಂದರೆ ಚಿತ್ರದ ಅತಿ ಚಿಕ್ಕ ಚೌಕ. ಉಚಿತವಾಗಿ ದೊರೆಯುವ ಸೆಂಟಿನೆಲ್-2 ಉಪಗ್ರಹ ಚಿತ್ರಗಳಲ್ಲಿ ಅತಿ ಸ್ಪಷ್ಟ ಪಟ್ಟಿಗಳ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಎಕರೆಯ ನಲವತ್ತನೆಯ ಒಂದು ಪಾಲಾದ ಗುಂಟೆ ಸುಮಾರು 101 ಚದರ ಮೀಟರ್. ಉಪಗ್ರಹದ ಒಂದು ಚೌಕ ನಮ್ಮ ಒಂದು ಗುಂಟೆಗೆ ಹೆಚ್ಚುಕಡಿಮೆ ಸಮನಾಗಿರುವುದನ್ನು ರೈತರಿಗೆ ಹೇಳಿ ನೋಡಿ. ನಕ್ಷೆಯಲ್ಲಿ ತಮ್ಮ ಹೊಲದ ಚೌಕಗಳನ್ನು ಅವರೇ ಎಣಿಸತೊಡಗುತ್ತಾರೆ.

ಹಂತ 5: ಹಂಚುವ ಮುನ್ನ ಪರಿಶೀಲಿಸಿ

ಉತ್ಸಾಹದಲ್ಲಿ ಕಡತಗಳನ್ನು ಹಾಗೆಯೇ ಕಳುಹಿಸಬೇಡಿ. ಕೋಷ್ಟಕದ ಪ್ರತಿ ಕಂಬಸಾಲಿನಲ್ಲಿ ಏನಿದೆ, ಯಾವ ಮಾನದಲ್ಲಿ ಅಳೆಯಲಾಗಿದೆ, ಖಾಲಿ ಬಿಟ್ಟ ಜಾಗದ ಅರ್ಥ ಸೊನ್ನೆಯೋ ಅಳೆಯಲಿಲ್ಲ ಎಂದೋ ಎಂಬುದನ್ನು ವಿವರಿಸುವ ಒಂದು ಪುಟ ಜೊತೆಗಿರಬೇಕು. ವಿಧಾನವನ್ನೂ ಬರೆಯಿರಿ. ಉದಾಹರಣೆಗೆ, ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದ ವಿದ್ಯುತ್ ವಾಹಕತೆ, ಮೇಲೆ ಹೇಳಿದ ನೆನೆಸಿದ ಮಣ್ಣಿನ ರಸದ ಅಳತೆಗಿಂತ ಕಡಿಮೆ ಬರುತ್ತದೆ. ಇದನ್ನು ತಿಳಿಯದ ಸಹಯೋಗಿ 4 ಎಂಬ ಮಿತಿಗೆ ಹೋಲಿಸಿ, ಕೆಟ್ಟ ಹೊಲವನ್ನು ಒಳ್ಳೆಯದೆಂದು ಎಣಿಸುತ್ತಾರೆ.

ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಸಂದರ್ಶನಗಳು ಬೇರೆಯವರ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ, ಹುಡುಕಾಟಕ್ಕೂ ಸಿಗುವುದಿಲ್ಲ. ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಾರೆ ಓದಿ.

ಮನುಷ್ಯರ ಕುರಿತ ಮಾಹಿತಿಯಾದರೆ ನಿಯಮಗಳು ಬಿಗಿ. ಇಲಕಲ್ ಸೀರೆ ನೇಯುವ ಗುಂಡಿ ಮಗ್ಗ, ಅಂದರೆ ನೇಕಾರರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗ, ಬೆನ್ನುನೋವಿಗೆ ಕಾರಣವೇ ಎಂಬುದನ್ನು ಫಿಸಿಯೋಥೆರಪಿ ವಿಭಾಗ ಮತ್ತು ಮಹಿಳಾ ಅಧ್ಯಯನ ವಿಭಾಗ ಸೇರಿ ನೋಡುತ್ತಿವೆ ಎಂದಿಟ್ಟುಕೊಳ್ಳಿ. ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ ಮೊದಲೇ ಆಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಇದಕ್ಕೆ ಆಧಾರ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದು, ಮಾಹಿತಿಯನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳುವ ಸಂಗತಿ ಅದರಲ್ಲೇ ನಮೂದಾಗಿರಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ನಿಷ್ಪಕ್ಷಪಾತ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು. ಹೆಸರು ತೆಗೆದರೆ ಸಾಕೆಂದು ತಿಳಿಯಬೇಡಿ. ಚಿಕ್ಕ ಊರಿನಲ್ಲಿ ಓಣಿ, ವಯಸ್ಸು, ವಿಧವೆ, ಎರಡು ಮಗ್ಗ ಎಂಬಷ್ಟು ವಿವರವಿದ್ದರೆ ಆಕೆ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ವಯಸ್ಸನ್ನು ಹತ್ತು ವರ್ಷಗಳ ಅಂತರಗಳಲ್ಲಿ ಬರೆಯುವುದು, ಓಣಿಯನ್ನು ಕೈಬಿಡುವುದು ಸುರಕ್ಷಿತ. ನಮ್ಮನ್ನು ನಂಬಿ ಮನೆಯೊಳಗೆ ಕರೆದು ಮಾತನಾಡಿದವರ ಮರ್ಯಾದೆಗಿಂತ ಯಾವ ಪ್ರಬಂಧವೂ ದೊಡ್ಡದಲ್ಲ.

ಪೇಟೆಂಟ್‌ಗೆ ಅವಕಾಶವಿರುವ ಕೆಲಸವಾದರೆ, ಅಂದರೆ ಹೊಸ ಸಾಧನವೋ ವಿಧಾನವೋ ಇದ್ದರೆ, ಬಹಿರಂಗ ಭಾಷಣಕ್ಕೂ ಭಿತ್ತಿಪತ್ರ ಪ್ರದರ್ಶನಕ್ಕೂ ಮೊದಲು ನಿಮ್ಮ ಸಂಸ್ಥೆಯ ಬೌದ್ಧಿಕ ಸ್ವತ್ತು ಕೋಶವನ್ನು ಕಾಣಿರಿ. ಬಹಿರಂಗವಾದದ್ದು ಹೊಸತೆಂದು ಸಾಧಿಸುವುದು ಕಷ್ಟ, ಕಾನೂನಿನ ವಿನಾಯಿತಿಗಳು ಕಿರಿದು. ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ದೊರೆಯುತ್ತದೆ. ಔಷಧೀಯ ಸಸ್ಯಗಳ ಮೇಲೆ ಕೆಲಸ ಮಾಡುವವರಿಗೆ 2002ರ ಜೈವಿಕ ವೈವಿಧ್ಯ ಕಾಯ್ದೆ ಮತ್ತು ಅದರ 2023ರ ತಿದ್ದುಪಡಿಯೂ ಅನ್ವಯಿಸುತ್ತವೆ.

ಹಂತ 6: ಹೆಸರಿನ ವಿಷಯವನ್ನು ಮೊದಲೇ ಮಾತನಾಡಿ

ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿ ಎಂಬುದನ್ನು ಕೇಳಲು ನಮ್ಮಲ್ಲಿ ನಾಚಿಕೆ. ಹಿರಿಯರ ಮುಂದೆ ಹೇಗೆ ಕೇಳುವುದೆಂದು ಮುಂದೂಡಿ, ಕೊನೆಗೆ ಮನಸ್ಸು ಕೆಡಿಸಿಕೊಳ್ಳುತ್ತೇವೆ. ವೈದ್ಯಕೀಯದಲ್ಲಿ ಕೊನೆಯ ಹೆಸರು ಸಾಮಾನ್ಯವಾಗಿ ತಂಡದ ಹಿರಿಯರದು, ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಅಕ್ಷರಾನುಕ್ರಮವೇ ರೂಢಿ, ಕನ್ನಡ ವಿಭಾಗದಲ್ಲಿ ಒಬ್ಬರೇ ಬರೆಯುವುದು ವಾಡಿಕೆ. ಹೀಗಿರುವಾಗ ಒಬ್ಬರಿಗೆ ಗೌರವವೆನಿಸಿದ್ದು ಇನ್ನೊಬ್ಬರಿಗೆ ಅವಮಾನವಾಗಿ ಕಾಣಬಹುದು.

ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳು ಬೇರೆ ವಿಭಾಗಗಳಿಗೂ ಉಪಯುಕ್ತ. ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುಪಡಿಯಲ್ಲಿ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಇಡೀ ಕೆಲಸದ ಹೊಣೆ ಹೊರುವ ಸಿದ್ಧತೆ, ಈ ನಾಲ್ಕೂ ಇದ್ದವರು ಲೇಖಕರು. ಉಳಿದವರಿಗೆ ಕೃತಜ್ಞತೆಯ ಸಾಲು. ಕ್ರೆಡಿಟ್ ಎಂಬ ಪಟ್ಟಿ ಒಂದು ಸಂಶೋಧನೆಯಲ್ಲಿನ 14 ಬಗೆಯ ಪಾತ್ರಗಳನ್ನು ಹೆಸರಿಸುತ್ತದೆ. ಅದನ್ನು ಮುಂದಿಟ್ಟುಕೊಂಡು ಯಾರು ಯಾವುದನ್ನು ಮಾಡುತ್ತಾರೆಂದು ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮಧ್ಯದಲ್ಲಿ ಒಬ್ಬರು ಬಿಟ್ಟುಹೋದರೆ ಅವರ ಮಾಹಿತಿ ಏನಾಗುತ್ತದೆ ಎಂಬುದೂ ಅದರಲ್ಲಿರಲಿ.

ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಸೇರಿ ಕೆಲಸ ಮಾಡುವಾಗ ವಿಧಾನದ ಅಧ್ಯಾಯವನ್ನು ಒಬ್ಬರು ಬರೆದು ಇಬ್ಬರೂ ಬಳಸುವುದುಂಟು. ಇದು ಅಪಾಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಅದಕ್ಕಿಂತ ಹೆಚ್ಚಾದರೆ ತಿದ್ದಿ ಮರುಸಲ್ಲಿಸಬೇಕಾಗುತ್ತದೆ, ಇನ್ನೂ ಹೆಚ್ಚಾದರೆ ಕ್ರಮ ಬಿಗಿಯಾಗುತ್ತದೆ. ತಮ್ಮ ತಮ್ಮ ಮಾತಿನಲ್ಲೇ ಬರೆಯಿರಿ.

ಹಂತ 7: ಒಂದು ಊರು, ಒಂದು ಪ್ರಶ್ನೆ, ಮೂರು ತಿಂಗಳು

ಅನುದಾನಕ್ಕೆ ಅರ್ಜಿ ಹಾಕುವ ಮೊದಲು ಚಿಕ್ಕದೊಂದು ಪ್ರಾಯೋಗಿಕ ಅಧ್ಯಯನ ಮಾಡಿ. ಒಂದೇ ಹಳ್ಳಿ, ಇಪ್ಪತ್ತು ಹೊಲಗಳು, ಕೇಳಬೇಕಾದ ಪ್ರಶ್ನೆ ಒಂದೇ: ಬಸಿಗಾಲುವೆಯಿಂದ ಹೊಲದ ದೂರಕ್ಕೂ ಸವಳಿಗೂ ನಂಟಿದೆಯೇ? ಬಸ್ಸಿನ ಖರ್ಚು, ಮಣ್ಣುಪರೀಕ್ಷೆಯ ಶುಲ್ಕ ಇಷ್ಟರಲ್ಲೇ ಇದು ಮುಗಿಯಬಲ್ಲದು. ಎಲ್ಲ ವಿಭಾಗದವರೂ ಕನಿಷ್ಠ ಒಂದು ದಿನ ಒಟ್ಟಿಗೆ ಹೊಲಕ್ಕೆ ಹೋಗಲೇಬೇಕು. ಪ್ರತ್ಯೇಕವಾಗಿ ಹೋಗಿ ಬಂದು ವರದಿಗಳನ್ನು ಅಂಟಿಸಿದರೆ ಅದು ಜಂಟಿ ಸಂಶೋಧನೆಯಾಗುವುದಿಲ್ಲ. ನಂಟು ಕಾಣದಿದ್ದರೆ ನಿಲ್ಲಿಸುತ್ತೇವೆ ಎಂಬ ಮಾತೂ ಮೊದಲೇ ಆಗಿರಲಿ. ಫಲಿತಾಂಶ ಸಿಕ್ಕರೆ, ಅದೇ ನಿಮ್ಮ ಅನುದಾನ ಅರ್ಜಿಯ ಅತಿ ಗಟ್ಟಿಯಾದ ಪುಟ.

ಹಂತ 8: ಎರಡು ಕಡೆ ಹಿಂದಿರುಗಿಸಿ

ಮಾಹಿತಿಯನ್ನು ಝೆನೋಡೊದಂತಹ ಮುಕ್ತ ಭಂಡಾರದಲ್ಲಿ ಇಡಿ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಇದು, ಇಟ್ಟ ಕಡತಕ್ಕೆ ಡಿಒಐ, ಅಂದರೆ ವಿಳಾಸ ಬದಲಾದರೂ ಕೆಡದ ಶಾಶ್ವತ ಗುರುತು ಕೊಡುತ್ತದೆ. ನಿಮ್ಮ ಮಣ್ಣುಪರೀಕ್ಷೆಯ ಅಂಕಿಗಳನ್ನು ಬಳಸಿದವರು ಅದನ್ನು ಉಲ್ಲೇಖಿಸಬಹುದು. ಹೊಲಗಳ ನಿಖರ ಸ್ಥಾನ ಮತ್ತು ಸರ್ವೆ ನಂಬರುಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಅಲ್ಲಿ ಇಡಬೇಡಿ. ಸವಳೆಂದು ದಾಖಲಾದ ಹೊಲದ ಬೆಲೆ ಬೀಳಬಹುದು, ಸಾಲಕ್ಕೂ ತೊಂದರೆಯಾಗಬಹುದು.

ಎರಡನೆಯದು, ಊರಿಗೆ ಹಿಂದಿರುಗಿ ಹೋಗುವುದು. ಪ್ರತಿ ಹೊಲದ ಫಲಿತಾಂಶವನ್ನು ಆ ಮನೆಯವರಿಗೇ ಕನ್ನಡದ ಒಂದು ಚೀಟಿಯಲ್ಲಿ, ಯಾವ ಬಗೆಯ ಸವಳು, ಜಿಪ್ಸಂ ಬೇಕೋ ಬಸಿಗಾಲುವೆ ಸಾಕೋ ಎಂದು ಬರೆದು ಕೊಡಿ. ಪ್ರಬಂಧ ಪ್ರಕಟವಾಗುವವರೆಗೆ ಇದಕ್ಕೆ ಕಾಯುವುದು ಬೇಡ, ಏಕೆಂದರೆ ಮುಂದಿನ ನಾಟಿ ನಿಮ್ಮ ಪ್ರಬಂಧಕ್ಕೆ ಕಾಯುವುದಿಲ್ಲ.

ಕೊನೆಯದಾಗಿ ವೇಳಾಪಟ್ಟಿಯ ಮಾತು. ಸವಳಿನ ಬಿಳಿ ಪದರು ಎದ್ದು ಕಾಣುವುದು ಮಾರ್ಚ್‌ನಿಂದ ಮೇವರೆಗೆ, ಮಳೆ ಬಿದ್ದರೆ ಅದು ಕರಗಿ ಕೆಳಗಿಳಿಯುತ್ತದೆ. ಇದೇ ತಿಂಗಳುಗಳಲ್ಲಿ ನಮ್ಮ ವಿಭಾಗಗಳಲ್ಲಿ ಪರೀಕ್ಷೆ ಮತ್ತು ಮೌಲ್ಯಮಾಪನದ ಗಡಿಬಿಡಿ ಇರುವುದುಂಟು. ಹಾಗಾಗಿ ಅರ್ಧ ಪುಟ ದಸರೆಯ ಹೊತ್ತಿಗೆ, ಕೂಟ ದೀಪಾವಳಿ ಕಳೆದ ಕೂಡಲೇ, ನೈತಿಕ ಸಮಿತಿಯ ಅರ್ಜಿ ಡಿಸೆಂಬರ್‌ನಲ್ಲಿ, ಪದಪಟ್ಟಿ ಮತ್ತು ಸಹಿಯ ಪುಟ ಸಂಕ್ರಾಂತಿಯ ಒಳಗೆ ಮುಗಿದರೆ, ಯುಗಾದಿಯ ಹೊತ್ತಿಗೆ ನೀವೆಲ್ಲರೂ ಒಂದೇ ಬದುವಿನ ಮೇಲೆ ನಿಂತಿರಬಹುದು.